ಸೋಡಿಯಂ ಕರ್ಣನಲ್ಲ

ಮಾನ್ಯ ಸಂಪಾದಕರೇ,

ಪಿಯು ಮೊದಲ ವರ್ಷದ ತರಗತಿಗಳು ಶುರುವಾಗಿ ಕೆಲವು ವಾರ ಕಳೆಯುವಷ್ಟರಲ್ಲಿ ಧಾರವಾಡದ ಸಪ್ತಾಪುರದ ಝೆರಾಕ್ಸ್ ಅಂಗಡಿಗಳಲ್ಲಿ ಒಂದು ಹಾಳೆ ಭರದಿಂದ ಖರ್ಚಾಗುತ್ತದೆ. ಆವರ್ತ ಕೋಷ್ಟಕದ ಖಾಲಿ ಚೌಕಟ್ಟು, ಅದರ ಮೇಲೆ ಎಡದಿಂದ ಬಲಕ್ಕೆ ಒಂದು ಬಾಣ, ಪಕ್ಕದಲ್ಲಿ ಮೇಲಿನಿಂದ ಕೆಳಕ್ಕೆ ಇನ್ನೊಂದು. ಮೊದಲನೆಯದಕ್ಕೆ ‘ಅಯಾನೀಕರಣ ಶಕ್ತಿ ಹೆಚ್ಚುತ್ತದೆ’, ಎರಡನೆಯದಕ್ಕೆ ‘ಕಡಿಮೆಯಾಗುತ್ತದೆ’ ಎಂಬ ಒಕ್ಕಣೆ. ಪರಮಾಣುವಿನಿಂದ ಒಂದು ಎಲೆಕ್ಟ್ರಾನ್ ಕೀಳಲು ಬೇಕಾಗುವ ಶಕ್ತಿಯೇ ಅಯಾನೀಕರಣ ಶಕ್ತಿ. ಪರೀಕ್ಷೆ ಹತ್ತಿರ ಬಂದಾಗ ಪತ್ರಿಕೆಗಳ ವಿದ್ಯಾರ್ಥಿ ಪುಟಗಳಲ್ಲೂ ಇದೇ ಚಿತ್ರ ಬರುತ್ತದೆ. ಬಾಣ ಪೂರ್ತಿ ಸುಳ್ಳೇನಲ್ಲ. ಆದರೆ ಪಿಯು ಬೋರ್ಡಾಗಲಿ, ಸಿಇಟಿ, ನೀಟ್ ಆಗಲಿ, ಪ್ರಶ್ನೆ ಕೇಳುವವರು ಬಾಣ ಎಲ್ಲಿ ಸೋಲುತ್ತದೋ ಸರಿಯಾಗಿ ಅಲ್ಲೇ ಕೇಳುತ್ತಾರೆ. ಬೆರಿಲಿಯಂಗಿಂತ ಬೋರಾನ್‌ಗೆ ಕಡಿಮೆ ಏಕೆ? ನೈಟ್ರೋಜನ್‌ಗಿಂತ ಆಕ್ಸಿಜನ್‌ಗೆ ಕಡಿಮೆ ಏಕೆ? ಬಾಣ ಬಾಯಿಪಾಠ ಮಾಡಿದ ಹುಡುಗ ಅಲ್ಲಿ ‘ಅಪವಾದ’ ಎಂದು ಬರೆದು ಮುಂದೆ ಹೋಗುತ್ತಾನೆ. ಅದು ಅಪವಾದವೇ ಅಲ್ಲ. ಬಾಣಕ್ಕೆ ಕಾರಣವಾದ ಸಂಗತಿಗಳೇ ಅಲ್ಲಿಯೂ ಕೆಲಸ ಮಾಡುತ್ತವೆ ಎನ್ನುವುದನ್ನು ಯಾರೂ ಬಿಡಿಸಿ ಹೇಳಿರುವುದಿಲ್ಲ. ಹಾವೇರಿ, ಗದಗ ಕಡೆಯ ಹಳ್ಳಿಗಳಲ್ಲಿ ಕನ್ನಡ ಮಾಧ್ಯಮದಲ್ಲಿ ಹತ್ತನೆಯ ಇಯತ್ತೆ ಮುಗಿಸಿ, ಏಕಾಏಕಿ ಇಂಗ್ಲಿಷ್ ಪಠ್ಯಕ್ಕೆ ಬಿದ್ದ ಮಕ್ಕಳಿಗೆ ಈ ತೊಡಕು ಇಮ್ಮಡಿ.

ಬಾಣ ಬಿಟ್ಟು ಅಂಕಿ ಕೊಡಿ ಎನ್ನುವುದು ನಮ್ಮ ಬೇಡಿಕೆ. ಮೊದಲ 20 ಧಾತುಗಳ ಅಂಕಿ ಸಾಕು. ಒಂದು ಮೋಲ್‌ಗೆ (ಅಂದರೆ ನಿಗದಿತ ಸಂಖ್ಯೆಯ ಪರಮಾಣುಗಳಿಗೆ) ಕಿಲೋಜೂಲ್ ಲೆಕ್ಕದಲ್ಲಿ ಅವು ಹೀಗಿವೆ: ಹೈಡ್ರೋಜನ್ 1312, ಹೀಲಿಯಂ 2372, ಲಿಥಿಯಂ 520, ಬೆರಿಲಿಯಂ 899, ಬೋರಾನ್ 801, ಕಾರ್ಬನ್ 1086, ನೈಟ್ರೋಜನ್ 1402, ಆಕ್ಸಿಜನ್ 1314, ಫ್ಲೋರಿನ್ 1681, ನಿಯಾನ್ 2081, ಸೋಡಿಯಂ 496, ಮೆಗ್ನೀಸಿಯಂ 738, ಅಲ್ಯೂಮಿನಿಯಂ 578, ಸಿಲಿಕಾನ್ 786, ಫಾಸ್ಫರಸ್ 1012, ಸಲ್ಫರ್ 1000, ಕ್ಲೋರಿನ್ 1251, ಆರ್ಗಾನ್ 1521, ಪೊಟ್ಯಾಸಿಯಂ 419, ಕ್ಯಾಲ್ಸಿಯಂ 590. ಪುಸ್ತಕದಿಂದ ಪುಸ್ತಕಕ್ಕೆ ಕೊನೆಯ ಅಂಕಿ ಒಂದಿಷ್ಟು ಹಿಂದೆ ಮುಂದೆ ಆಗಬಹುದು, ಅದಕ್ಕೆ ಗಾಬರಿ ಬೇಡ.

ಇವನ್ನು ಉರು ಹೊಡೆಸುವುದಲ್ಲ, ಗ್ರಾಫ್ ಹಾಕಿಸಬೇಕು. ಪ್ರಾಕ್ಟಿಕಲ್ ರೆಕಾರ್ಡಿಗೆ ಹಚ್ಚುವ ಗ್ರಾಫ್ ಹಾಳೆ ಸುಮಾರು 18 ಸೆಂ.ಮೀ. ಅಗಲ, 25 ಸೆಂ.ಮೀ. ಉದ್ದ ಇರುತ್ತದೆ. ನೆಟ್ಟಗೆ ಹಿಡಿದರೆ 20 ಧಾತು ಹಿಡಿಸುವುದಿಲ್ಲ, ಹದಿನೆಂಟಕ್ಕೇ ಹಾಳೆ ಮುಗಿಯುತ್ತದೆ. ಪೊಟ್ಯಾಸಿಯಂನ ಕುಸಿತ ಕಾಣುವುದೇ ಇಲ್ಲ. ಅಡ್ಡ ಹಿಡಿಯಬೇಕು. ಅಡ್ಡ ಅಕ್ಷದಲ್ಲಿ ಒಂದು ಧಾತುವಿಗೆ 1 ಸೆಂ.ಮೀ., ಲಂಬ ಅಕ್ಷದಲ್ಲಿ 150 ಕಿಲೋಜೂಲ್‌ಗೆ 1 ಸೆಂ.ಮೀ. ಆಗ ಹೀಲಿಯಂ 15.8 ಸೆಂ.ಮೀ. ಎತ್ತರದಲ್ಲಿ ಕೂಡುತ್ತದೆ, ಹಾಳೆಯೊಳಗೇ ಉಳಿಯುತ್ತದೆ. ಒಂದು ಸಣ್ಣ ಚೌಕ ಅಂದರೆ 15 ಕಿಲೋಜೂಲ್.

ಇಲ್ಲಿ ಮಕ್ಕಳು ಮಾಡುವ ತಪ್ಪು ಬಹುತೇಕ ಮೂರೇ. ಲಂಬ ಅಕ್ಷವನ್ನು ಸೊನ್ನೆಯಿಂದ ಶುರು ಮಾಡದೆ 400ರಿಂದ ಮಾಡುತ್ತಾರೆ. ಆಗ ಪೊಟ್ಯಾಸಿಯಂ ನೆಲಕ್ಕೆ ತಾಗಿದಂತೆ ಕಂಡು, ಅದರ ಎಲೆಕ್ಟ್ರಾನ್ ಪುಕ್ಕಟೆ ಸಿಗುತ್ತದೆ ಎಂಬ ಭ್ರಮೆ ಹುಟ್ಟುತ್ತದೆ. ಅಡ್ಡ ಅಕ್ಷಕ್ಕೆ ಪರಮಾಣು ಸಂಖ್ಯೆಯ ಬದಲು ಪರಮಾಣು ತೂಕ ಹಾಕುತ್ತಾರೆ. ಆರ್ಗಾನ್ ಹೋಗಿ ಪೊಟ್ಯಾಸಿಯಂ ಆಚೆಗೆ ಕೂಡುತ್ತದೆ. ಮೂರನೆಯದು, ಗಣಿತದ ಮೇಷ್ಟ್ರು ಕಲಿಸಿದ ಅಭ್ಯಾಸಬಲದಿಂದ ಬಿಂದುಗಳ ನಡುವೆ ನುಣುಪಾದ ವಕ್ರರೇಖೆ ಎಳೆಯುವುದು. ನುಣುಪು ಮಾಡಿದಿರೋ, ನಾವು ನೋಡಬೇಕಾದ ತಗ್ಗುಗಳೇ ಅಳಿಸಿಹೋಗುತ್ತವೆ. ಆರೂವರೆ ಪ್ರೋಟಾನಿನ ಧಾತು ಯಾವುದೂ ಇಲ್ಲವಲ್ಲ! ಬಿಂದುವಿನಿಂದ ಬಿಂದುವಿಗೆ ಸ್ಕೇಲ್ ಇಟ್ಟು ಸರಳ ಗೆರೆ ಎಳೆದರೆ ಸಾಕು, ಅದು ಕಣ್ಣಿಗೆ ದಾರಿ ತೋರಿಸಲಿಕ್ಕೆ ಮಾತ್ರ.

ಗ್ರಾಫ್ ಮುಗಿದ ಮೇಲೆ ಸಣ್ಣ ಚೌಕ ಎಣಿಸಲು ಹೇಳಿ. ಬೆರಿಲಿಯಂನಿಂದ ಬೋರಾನ್‌ಗೆ ಆರೂವರೆ ಚೌಕ ಇಳಿಕೆ. ನೈಟ್ರೋಜನ್‌ನಿಂದ ಆಕ್ಸಿಜನ್‌ಗೆ ಹತ್ತಿರಹತ್ತಿರ ಆರು. ಮೆಗ್ನೀಸಿಯಂನಿಂದ ಅಲ್ಯೂಮಿನಿಯಂಗೆ ಹತ್ತಕ್ಕೂ ಮೇಲೆ. ಆದರೆ ಫಾಸ್ಫರಸ್‌ನಿಂದ ಸಲ್ಫರ್‌ಗೆ? ಕೇವಲ 12 ಕಿಲೋಜೂಲ್, ಅಂದರೆ ಒಂದು ಚೌಕವೂ ಇಲ್ಲ. ಮೊಂಡು ಪೆನ್ಸಿಲ್ ಹಿಡಿದವರ ಗ್ರಾಫಿನಲ್ಲಿ ಎರಡೂ ಒಂದೇ ಎತ್ತರದಲ್ಲಿರುತ್ತವೆ. ಈ ಜಾಗ ಬಹಳ ಬೆಲೆಯುಳ್ಳದ್ದು. ‘ಅರ್ಧ ತುಂಬಿದ ಆರ್ಬಿಟಲ್‌ಗೆ ವಿಶೇಷ ಸ್ಥಿರತೆ’ (ಆರ್ಬಿಟಲ್ ಅಂದರೆ ಎರಡು ಎಲೆಕ್ಟ್ರಾನ್ ಹಿಡಿಸುವ ಜಾಗ) ಎಂಬ ಮಂತ್ರವೊಂದೇ ಕಾರಣವಾಗಿದ್ದರೆ ಇಲ್ಲೂ ಅಷ್ಟೇ ದೊಡ್ಡ ತಗ್ಗು ಇರಬೇಕಿತ್ತು. ಇಲ್ಲ. ಏಕೆ ಇಲ್ಲ ಎನ್ನುವುದಕ್ಕೆ ಮುಂದೆ ಬರುತ್ತೇವೆ.

ಹೊರಗಿನ ಎಲೆಕ್ಟ್ರಾನನ್ನು ನ್ಯೂಕ್ಲಿಯಸ್ ಎಷ್ಟು ಬಿಗಿಯಾಗಿ ಹಿಡಿದಿದೆ ಎಂಬುದನ್ನು ತೀರ್ಮಾನಿಸುವುದು ಮೂರು ಸಂಗತಿ: ನ್ಯೂಕ್ಲಿಯಸ್ಸಿನ ವಿದ್ಯುದಾವೇಶ, ಎಲೆಕ್ಟ್ರಾನ್ ಇರುವ ದೂರ, ನಡುವೆ ಇರುವ ಎಲೆಕ್ಟ್ರಾನುಗಳ ಮರೆ. ಇಂಗ್ಲಿಷ್ ಪಠ್ಯದ ಶೀಲ್ಡಿಂಗ್‌ಗೆ ‘ಮರೆ’ ಎನ್ನುವ ನಮ್ಮ ಮಾತೇ ಸರಿಹೊಂದುತ್ತದೆ. ಮದುವೆ ಊಟದಲ್ಲಿ ಹಿಂದಿನ ಪಂಕ್ತಿಯವನಿಗೆ ಬಡಿಸುವವನು ಕಾಣದಂತೆ ಮುಂದಿನವರು ಮರೆಯಾಗುತ್ತಾರಲ್ಲ, ಹಾಗೆ. ಪಕ್ಕದಲ್ಲಿ ಕುಳಿತವನು ಅಷ್ಟು ಮರೆಯಾಗುವುದಿಲ್ಲ. 1930ರಲ್ಲಿ ಅಮೆರಿಕದ ಭೌತವಿಜ್ಞಾನಿ ಜಾನ್ ಸ್ಲೇಟರ್ ಇದಕ್ಕೊಂದು ಸುಲಭ ಲೆಕ್ಕ ಕೊಟ್ಟ. ಎಲೆಕ್ಟ್ರಾನುಗಳು ನ್ಯೂಕ್ಲಿಯಸ್ಸಿನ ಸುತ್ತ ಕವಚ ಎಂಬ ಪದರಗಳಲ್ಲಿರುತ್ತವೆ, ಕವಚದೊಳಗಿನ ಆರ್ಬಿಟಲ್ ಬಗೆಗಳಿಗೆ ಎಸ್, ಪಿ, ಡಿ, ಎಫ್ ಎಂದು ಹೆಸರು. ಎಸ್ ಅಥವಾ ಪಿ ಎಲೆಕ್ಟ್ರಾನಿನ ಮಟ್ಟಿಗೆ ಹೇಳುವುದಾದರೆ, ಅದೇ ಕವಚದ ಪ್ರತಿ ಜೊತೆಗಾರ 0.35ರಷ್ಟು ಮರೆ, ಅದಕ್ಕಿಂತ ಒಂದು ಕವಚ ಒಳಗಿನದು 0.85, ಇನ್ನೂ ಒಳಗಿನದು ಪೂರ್ತಿ 1. ಇಷ್ಟನ್ನು ಪರಮಾಣು ಸಂಖ್ಯೆಯಿಂದ ಕಳೆದರೆ ಆ ಎಲೆಕ್ಟ್ರಾನಿಗೆ ನಿಜಕ್ಕೂ ತಟ್ಟುವ ಆವೇಶ ಸಿಗುತ್ತದೆ.

ಲಿಥಿಯಂಗೆ ಮಾಡಿ ನೋಡಿ. ಒಳಗೆ ಎರಡು, ಮರೆ 1.7, ಮೂರರಲ್ಲಿ ಕಳೆದರೆ 1.3. ನಿಯಾನ್‌ಗೆ ಜೊತೆಗಾರರು ಏಳು, ಒಳಗೆ ಎರಡು, ಮರೆ 4.15; ಹತ್ತರಲ್ಲಿ ಕಳೆದರೆ 5.85. ಒಂದೇ ಕವಚದಲ್ಲಿ ಎಡದಿಂದ ಬಲಕ್ಕೆ ಹೋಗುತ್ತ ಪ್ರತಿ ಹೆಜ್ಜೆಗೆ ಒಂದು ಪ್ರೋಟಾನ್ ಕೂಡುತ್ತದೆ, ಮರೆ ಮಾತ್ರ 0.35 ಕೂಡುತ್ತದೆ, ಉಳಿದ 0.65 ನ್ಯೂಕ್ಲಿಯಸ್ಸಿನ ಲಾಭ. ಅಡ್ಡ ಬಾಣದ ಗುಟ್ಟು ಇಷ್ಟೇ.

ಕೆಳಮುಖ ಬಾಣಕ್ಕೆ ಬಂದಾಗ ನೋಟ್ಸುಗಳು ಎಡವುತ್ತವೆ. ‘ಗುಂಪಿನಲ್ಲಿ ಕೆಳಗೆ ಹೋದಂತೆ ಮರೆ ಹೆಚ್ಚಿ, ತಟ್ಟುವ ಆವೇಶ ಕಡಿಮೆಯಾಗುತ್ತದೆ’ ಎಂದು ಬರೆದಿರುತ್ತಾರೆ. ಲೆಕ್ಕ ಹಾಕಿದರೆ ಆ ಮಾತು ನಿಲ್ಲುವುದಿಲ್ಲ. ಸೋಡಿಯಂಗೆ ಮರೆ 8.8, ತಟ್ಟುವ ಆವೇಶ 2.2. ಪೊಟ್ಯಾಸಿಯಂಗೆ ಮರೆ 16.8, ತಟ್ಟುವ ಆವೇಶ ಮತ್ತೆ 2.2. ಲಿಥಿಯಂನ 1.3ಕ್ಕಿಂತ ಎರಡೂ ಹೆಚ್ಚೇ! ಆದರೂ ಅಯಾನೀಕರಣ ಶಕ್ತಿ 520, 496, 419 ಎಂದು ಇಳಿಯುತ್ತದೆ. ಅಂದರೆ ಇಳಿಸುತ್ತಿರುವುದು ದೂರ. ಲೋಹದಲ್ಲಿ ಈ ಮೂರರ ಪರಮಾಣು ತ್ರಿಜ್ಯ ಸುಮಾರು 152, 186, 227 ಪಿಕೋಮೀಟರ್. ಮರೆ ಹೆಚ್ಚುವುದು ನಿಜ, ಅದಕ್ಕೆ ಸರಿದೂಗುವಷ್ಟು ಪ್ರೋಟಾನುಗಳೂ ಹೆಚ್ಚಿರುತ್ತವೆ. ಉತ್ತರಪತ್ರಿಕೆಯಲ್ಲಿ ‘ಹೊಸ ಕವಚ, ಹೆಚ್ಚು ದೂರ, ಒಳಗಿನವರ ಮರೆಯಿಂದಾಗಿ ಹೆಚ್ಚಿದ ಪ್ರೋಟಾನುಗಳ ಲಾಭ ಹೊರಗಿನ ಎಲೆಕ್ಟ್ರಾನಿಗೆ ತಲುಪುವುದಿಲ್ಲ’ ಎಂದು ಬರೆದರೆ ಅಂಕವೂ ಸಿಗುತ್ತದೆ, ಮಾತೂ ಸರಿಯಾಗಿರುತ್ತದೆ.

ಸ್ಲೇಟರ್ ಲೆಕ್ಕಕ್ಕೂ ಮಿತಿ ಇದೆ. ಅವನು ಎಸ್ ಮತ್ತು ಪಿ ಎಲೆಕ್ಟ್ರಾನುಗಳನ್ನು ಒಂದೇ ತಕ್ಕಡಿಯಲ್ಲಿ ತೂಗುತ್ತಾನೆ. ಹೀಗಾಗಿ ಬೆರಿಲಿಯಂಗೆ 1.95, ಬೋರಾನ್‌ಗೆ 2.6 ಎಂದು ಏರಿಕೆಯೇ ಬರುತ್ತದೆ, ತಗ್ಗು ಬರುವುದಿಲ್ಲ. ನಿಜದಲ್ಲಿ 2ಎಸ್ (ಅಂದರೆ ಎರಡನೆಯ ಕವಚದ ಎಸ್) ಎಲೆಕ್ಟ್ರಾನ್ ಆಗಾಗ ಒಳಕವಚವನ್ನು ನುಸುಳಿ ನ್ಯೂಕ್ಲಿಯಸ್ಸಿನ ಹತ್ತಿರ ಹೋಗಿಬರುತ್ತದೆ. 2ಪಿ ಎಲೆಕ್ಟ್ರಾನ್ ಅಷ್ಟು ಒಳಗೆ ಹೋಗುವುದಿಲ್ಲ, ಮೇಲಾಗಿ 2ಎಸ್ ಜೋಡಿಯೇ ಅದಕ್ಕೆ ಒಂದಿಷ್ಟು ಮರೆ. ಬೆರಿಲಿಯಂನಿಂದ ನಾವು ಕೀಳುವುದು 2ಎಸ್ ಎಲೆಕ್ಟ್ರಾನ್, ಬೋರಾನ್‌ನಿಂದ ಕೀಳುವುದು 2ಪಿ. ‘ಬೆರಿಲಿಯಂನ ಎಸ್ ಆರ್ಬಿಟಲ್ ತುಂಬಿರುವುದರಿಂದ ಸ್ಥಿರ’ ಎಂದು ಬರೆಯುವವರು ಅರ್ಧ ಉತ್ತರ ಬರೆದಂತೆ. ಎರಡು ಕಡೆ ಕೀಳುತ್ತಿರುವುದು ಬೇರೆ ಬೇರೆ ಆರ್ಬಿಟಲ್‌ನಿಂದ ಎಂಬುದನ್ನು ಹೇಳಲೇಬೇಕು.

ನೈಟ್ರೋಜನ್, ಆಕ್ಸಿಜನ್ ಎರಡರಲ್ಲೂ ಕೀಳುವುದು 2ಪಿ ಎಲೆಕ್ಟ್ರಾನೇ. 2ಪಿ ಆರ್ಬಿಟಲ್ ಇರುವುದು ಮೂರು; ಪಿ ಎಲೆಕ್ಟ್ರಾನ್ ನೈಟ್ರೋಜನ್ನಿನಲ್ಲಿ ಮೂರು, ಆಕ್ಸಿಜನ್ನಿನಲ್ಲಿ ನಾಲ್ಕು. ಗದಗದಿಂದ ಹುಬ್ಬಳ್ಳಿಗೆ ಬರುವ ಬಸ್ಸಿನಲ್ಲಿ ಇಬ್ಬರು ಕೂಡುವ ಮೂರು ಸೀಟು ಖಾಲಿ ಇವೆ ಎನ್ನಿ. ಮೊದಲ ಮೂವರು ಒಂದೊಂದು ಸೀಟು ಹಿಡಿದು ಆರಾಮಾಗಿ ಕೂಡುತ್ತಾರೆ. ನಾಲ್ಕನೆಯವನು ಯಾರದಾದರೂ ಪಕ್ಕ ಒತ್ತಿಕೊಂಡೇ ಕೂಡಬೇಕು. ಆಕ್ಸಿಜನ್ನಿನ ನಾಲ್ಕನೆಯ ಪಿ ಎಲೆಕ್ಟ್ರಾನಿನ ಸ್ಥಿತಿ ಅದು. ಒಂದೇ ಆರ್ಬಿಟಲ್‌ನಲ್ಲಿ ಎರಡು ಋಣಾವೇಶ, ಪರಸ್ಪರ ವಿಕರ್ಷಣೆ. ಅದನ್ನು ಎಬ್ಬಿಸಿ ಕಳಿಸುವುದು ಸುಲಭ. ಈ ಬಸ್ಸಿನ ಉಪಮೆಯನ್ನು ಇಷ್ಟಕ್ಕೇ ನಿಲ್ಲಿಸಬೇಕು, ಯಾಕೆಂದರೆ ಎಲೆಕ್ಟ್ರಾನುಗಳಿಗೆ ಮೊದಲು ಬಂದವನು, ಆಮೇಲೆ ಬಂದವನು ಎಂಬ ಗುರುತಿಲ್ಲ. ಈಗ ಫಾಸ್ಫರಸ್‌-ಸಲ್ಫರ್ ಪ್ರಶ್ನೆ. 3ಪಿ ಆರ್ಬಿಟಲ್ 2ಪಿಗಿಂತ ದೊಡ್ಡದು, ಹರವು ಹೆಚ್ಚು. ಅಗಲ ಸೀಟಿನಲ್ಲಿ ಇಬ್ಬರು ಕೂತರೆ ಅಷ್ಟು ಇಕ್ಕಟ್ಟಾಗುವುದಿಲ್ಲ. ಅದಕ್ಕೇ ತಗ್ಗು 88ರಿಂದ 12ಕ್ಕೆ ಇಳಿದಿದೆ.

ಅರ್ಧ ತುಂಬಿದ ಸ್ಥಿರತೆಯ ಮಂತ್ರ ಇನ್ನೊಂದು ಹಾನಿಯನ್ನೂ ಮಾಡುತ್ತದೆ. ಕಾರ್ಬನ್, ನೈಟ್ರೋಜನ್, ಆಕ್ಸಿಜನ್, ಫ್ಲೋರಿನ್ ಏರಿಕೆ ಕ್ರಮದಲ್ಲಿ ಬರೆಯಿರಿ ಎಂದರೆ ನೈಟ್ರೋಜನ್ನನ್ನು ಒಯ್ದು ಫ್ಲೋರಿನ್ನಿನ ಆಚೆ ಕೂಡಿಸುವವರು ಬಹಳ. 1402 ಎಲ್ಲಿ, 1681 ಎಲ್ಲಿ! ನೈಟ್ರೋಜನ್ ಗೆಲ್ಲುವುದು ಪಕ್ಕದ ಮನೆಯವನನ್ನು ಮಾತ್ರ.

ಈಗ ಶೀರ್ಷಿಕೆಯ ಮಾತು. ‘ಸೋಡಿಯಂ ತನ್ನ ಎಲೆಕ್ಟ್ರಾನನ್ನು ಕ್ಲೋರಿನ್‌ಗೆ ದಾನ ಮಾಡುತ್ತದೆ’ ಎಂಬ ವಾಕ್ಯ ನಮ್ಮ ಕನ್ನಡ ಮಾಧ್ಯಮದ ಮಕ್ಕಳ ತಲೆಯಲ್ಲಿ ಹೈಸ್ಕೂಲಿನಿಂದಲೇ ಕೂತಿದೆ. ದಾನ ಎಂದ ಕೂಡಲೇ ಮನಸ್ಸಿಗೆ ಬರುವವನು ಕವಚ ಸುಲಿದು ಕೊಟ್ಟ ಕರ್ಣ. ಕೊಡುವವನಿಗೆ ಖುಷಿ, ಕೊಟ್ಟ ಮೇಲೆ ನೆಮ್ಮದಿ. ‘ಜಡಾನಿಲದ ವಿನ್ಯಾಸ ಪಡೆಯಲು ಸೋಡಿಯಂ ಬಯಸುತ್ತದೆ’ ಎನ್ನುವುದು ಇದರ ತಮ್ಮ. ಹೀಗೆ ಕಲಿತವರಿಗೆ ಸೋಡಿಯಂನ ಅಯಾನೀಕರಣ ಶಕ್ತಿ ಋಣ ಚಿಹ್ನೆಯದ್ದಾಗಿರಬೇಕು ಎನ್ನಿಸುತ್ತದೆ, ಅನೇಕರು ಹಾಗೆಯೇ ಬರೆಯುತ್ತಾರೆ. ಆದರೆ ಯಾವ ಧಾತುವಿನ ಪರಮಾಣುವೂ ಎಲೆಕ್ಟ್ರಾನನ್ನು ತಾನಾಗಿ ಬಿಡುವುದಿಲ್ಲ. ನಾವು 496 ಕಿಲೋಜೂಲ್ ತೆತ್ತು ಕಿತ್ತುಕೊಳ್ಳಬೇಕು. ಅದು ದಾನವಲ್ಲ, ವಸೂಲಿ.

ಅಡುಗೆ ಉಪ್ಪಿನ ಜಮಾ-ಖರ್ಚು ಬರೆದರೆ ಇದು ನಿಚ್ಚಳ. ಒಂದು ಮೋಲ್ ಲೆಕ್ಕ. ಘನ ಸೋಡಿಯಂ ಅನಿಲವಾಗಲು ಖರ್ಚು 108.4. ಅದರ ಎಲೆಕ್ಟ್ರಾನ್ ಕೀಳಲು ಖರ್ಚು 496. ಅರ್ಧ ಮೋಲ್ ಕ್ಲೋರಿನ್ ಅಣು ಒಡೆಯಲು ಖರ್ಚು 121. ಕ್ಲೋರಿನ್ ಪರಮಾಣು ಎಲೆಕ್ಟ್ರಾನ್ ಪಡೆದಾಗ ಜಮಾ 348.6. ಇಲ್ಲಿಗೆ ನಿಲ್ಲಿಸಿದರೆ 376.8 ಕಿಲೋಜೂಲ್ ಲುಕ್ಸಾನು! ಬರೀ ಕೊಡು-ಕೊಳ್ಳುವಿಕೆಯನ್ನೇ ನೋಡಿದರೂ 496 ಕೊಟ್ಟು 348.6 ಪಡೆದದ್ದು, ಯಾವ ಅಡತಿ ಅಂಗಡಿಯವನೂ ಒಪ್ಪದ ವ್ಯಾಪಾರ. ಕೊನೆಗೆ ಧನ, ಋಣ ಅಯಾನುಗಳು ಸಾಲುಗಟ್ಟಿ ಹರಳಾದಾಗ 788 ಜಮಾ ಬರುತ್ತದೆ. ಆಗ ನಿವ್ವಳ 411.2 ಕಿಲೋಜೂಲ್ ಹೊರಗೆ. ಉಪ್ಪು ಆಗುವುದು ಹರಳಿನ ದೆಸೆಯಿಂದ, ಸೋಡಿಯಂನ ಔದಾರ್ಯದಿಂದಲ್ಲ. ಅದಕ್ಕೇ ‘ದಾನ ಮಾಡುತ್ತದೆ’ ಎನ್ನುವ ಬದಲು ‘ಕಳೆದುಕೊಳ್ಳುತ್ತದೆ’ ಎಂದು ಬರೆಸುವುದು ಮೇಲು. ಒಂದು ಶಬ್ದ ಬದಲಾದರೆ ಚಿಹ್ನೆಯ ತಪ್ಪು ಅರ್ಧ ಕಡಿಮೆಯಾಗುತ್ತದೆ.

ಮೇಲಿನ ಲೆಕ್ಕದ ಮೊದಲ ಸಾಲನ್ನು ಗಮನಿಸಿ. ಅಯಾನೀಕರಣ ಶಕ್ತಿಯ ವ್ಯಾಖ್ಯೆಯಲ್ಲಿ ‘ಒಂಟಿಯಾದ, ಅನಿಲ ಸ್ಥಿತಿಯ, ತಳಮಟ್ಟದ ಶಕ್ತಿಯ ಪರಮಾಣು’ ಎಂಬ ಮೂರು ವಿಶೇಷಣ ಬರುವುದು ಸುಮ್ಮನೆ ಅಲ್ಲ. ಅನಿಲ ಎನ್ನುವುದನ್ನು ಬಿಟ್ಟರೆ 108.4 ಯಾರ ಖಾತೆಗೆ ಹೋಗಬೇಕೆಂದು ತಿಳಿಯುವುದಿಲ್ಲ. ತಳಮಟ್ಟ ಎನ್ನುವುದನ್ನು ಬಿಟ್ಟರೆ ಇನ್ನೊಂದು ಗೊಂದಲ ಬಾಗಿಲು ತೆರೆಯುತ್ತದೆ: ಲ್ಯಾಬಿನ ಜ್ವಾಲಾ ಪರೀಕ್ಷೆ. ಸೋಡಿಯಂ ಲವಣ ಜ್ವಾಲೆಯಲ್ಲಿ ಹೊಂಬಣ್ಣ ಕೊಟ್ಟಾಗ ‘ಎಲೆಕ್ಟ್ರಾನ್ ಹೊರಗೆ ಹೋಯಿತು’ ಎಂದು ರೆಕಾರ್ಡಿನಲ್ಲಿ ಬರೆಯುತ್ತಾರೆ. ಮನೆಯಲ್ಲಿ ಉಪ್ಪು ಹಾಕಿದ ಸಾರು ಉಕ್ಕಿ ಗ್ಯಾಸಿನ ಮೇಲೆ ಚೆಲ್ಲಿದಾಗ ನೀಲಿ ಉರಿ ಹಳದಿಯಾಗುವುದೂ ಇದೇ. ಆ ಹಳದಿಯ ತರಂಗಾಂತರ 589 ನ್ಯಾನೋಮೀಟರ್, ಶಕ್ತಿ ಸುಮಾರು 2.1 ಎಲೆಕ್ಟ್ರಾನ್ ವೋಲ್ಟ್. ಸೋಡಿಯಂನ ಎಲೆಕ್ಟ್ರಾನನ್ನು ಪೂರ್ತಿ ಹೊರಹಾಕಲು 5.14 ಬೇಕು. ಅಂದರೆ ಎಲೆಕ್ಟ್ರಾನ್ ಒಂದು ಮೆಟ್ಟಿಲು ಹತ್ತಿ ಮರಳಿ ಇಳಿಯಿತು, ಅಷ್ಟೇ. ಮನೆ ಬಿಟ್ಟು ಹೋಗಲಿಲ್ಲ. ಬಣ್ಣ ಬಂದದ್ದು ಇಳಿಯುವಾಗ.

ಎಲೆಕ್ಟ್ರಾನ್ ವೋಲ್ಟ್ ಎಂದಾಗ ನೆನಪಾಯಿತು, ಸ್ಪರ್ಧಾತ್ಮಕ ಪರೀಕ್ಷೆಗಳಲ್ಲಿ ಒಂದು ಅಂಕಿ ಈ ಮಾನದಲ್ಲಿ, ಇನ್ನೊಂದು ಕಿಲೋಜೂಲ್‌ನಲ್ಲಿ ಕೊಟ್ಟು ಹೋಲಿಸಲು ಹೇಳುತ್ತಾರೆ. ಒಂದು ಪರಮಾಣುವಿಗೆ 1 ಎಲೆಕ್ಟ್ರಾನ್ ವೋಲ್ಟ್ ಅಂದರೆ ಒಂದು ಮೋಲ್‌ಗೆ 96.5 ಕಿಲೋಜೂಲ್. ಹೈಡ್ರೋಜನ್ನಿನ 13.6ನ್ನು ಗುಣಿಸಿದರೆ 1312 ಬರುತ್ತದೆ, ತಾಳೆ ನೋಡಿಕೊಳ್ಳಬಹುದು.

ಒಂದು ಎಲೆಕ್ಟ್ರಾನ್ ಕಿತ್ತ ಮೇಲೆ ಮುಂದಿನದನ್ನು ಕೀಳಲು ಬೇಕಾಗುವ ಎರಡನೆಯ, ಮೂರನೆಯ ಅಯಾನೀಕರಣ ಶಕ್ತಿಗೆ ಬಾಣದ ಹಾಳೆಯಲ್ಲಿ ಜಾಗವೇ ಇಲ್ಲ, ನಮ್ಮ ದೃಷ್ಟಿಯಲ್ಲಿ ವಿಷಯ ರುಚಿಕಟ್ಟಾಗುವುದೇ ಅಲ್ಲಿ. ಅಲ್ಯೂಮಿನಿಯಂನ ನಾಲ್ಕು ಅಂಕಿ: 578, 1817, 2745, 11577. ಮೂರರವರೆಗೆ ಏರುತ್ತ ಹೋಗಿ ನಾಲ್ಕನೆಯದಕ್ಕೆ ಒಮ್ಮೆಲೇ ನಾಲ್ಕು ಪಟ್ಟು ಜಿಗಿತ. ಹೊರಕವಚದ ಮೂರು ಮುಗಿದವು, ನಾಲ್ಕನೆಯದಕ್ಕೆ ಒಳಮನೆಯ ಬಾಗಿಲು ಒಡೆಯಬೇಕು. ಸೋಡಿಯಂನಲ್ಲಿ ಈ ಜಿಗಿತ ಎರಡನೆಯದಕ್ಕೇ ಬರುತ್ತದೆ, 496ರಿಂದ 4562. ಮೆಗ್ನೀಸಿಯಂನಲ್ಲಿ ಮೂರನೆಯದಕ್ಕೆ, 738, 1451, ಆಮೇಲೆ 7733. ಧಾತುವಿನ ಹೆಸರು ಮುಚ್ಚಿಟ್ಟು ಅಂಕಿ ಮಾತ್ರ ಕೊಟ್ಟರೂ ಮಕ್ಕಳು ಗುಂಪು ಹೇಳಬಲ್ಲರು. ಎಡವುವುದು ಜಿಗಿತವನ್ನು ಎಣಿಸುವುದರಲ್ಲಿ: ನಾಲ್ಕನೆಯ ಅಂಕಿ ಜಿಗಿದರೆ ಹೊರಕವಚದಲ್ಲಿ ನಾಲ್ಕು ಎಂದು ಬರೆದುಬಿಡುತ್ತಾರೆ. ಜಿಗಿತಕ್ಕೆ ಮುಂಚಿನವನ್ನು ಎಣಿಸಬೇಕು.

ಲೆಕ್ಕ ಬಂದಾಗಲೂ ಇಂಥದೇ ಒಂದು ಕಾಲುತೊಡಕು. ಒಂದು ಗ್ರಾಂ ಮೆಗ್ನೀಸಿಯಂ ಆವಿಯನ್ನು ಪೂರ್ತಿ ಎರಡು ಧನಾವೇಶದ ಅಯಾನು ಮಾಡಲು ಎಷ್ಟು ಶಕ್ತಿ ಬೇಕು ಎಂದು ಕೇಳಿದರೆ 1451ನ್ನು ಮಾತ್ರ ಹಿಡಿಯುವವರೇ ಹೆಚ್ಚು. ಎರಡನೆಯ ಎಲೆಕ್ಟ್ರಾನ್ ಕೀಳುವ ಮೊದಲು ಮೊದಲನೆಯದನ್ನು ಕಿತ್ತಿರಬೇಕಲ್ಲ! ಎರಡೂ ಕೂಡಿದರೆ 2189. ಒಂದು ಗ್ರಾಂ ಅಂದರೆ 24.3ರಲ್ಲಿ ಒಂದು ಭಾಗ ಮೋಲ್. ಉತ್ತರ ಸುಮಾರು 90 ಕಿಲೋಜೂಲ್.

ಎರಡನೆಯ ಅಯಾನೀಕರಣದ ಕ್ರಮ ಕೇಳಿದಾಗ ಒಂದು ಎಲೆಕ್ಟ್ರಾನ್ ಕಳೆದ ಮೇಲಿನ ವಿನ್ಯಾಸ ಬರೆದುಕೊಂಡೇ ಮುಂದುವರಿಯಬೇಕು. ಕಾರ್ಬನ್ 2353, ನೈಟ್ರೋಜನ್ 2856, ಫ್ಲೋರಿನ್ 3374, ಆಕ್ಸಿಜನ್ 3388. ಈ ಸಲ ಆಕ್ಸಿಜನ್ ಎಲ್ಲರಿಗಿಂತ ಮೇಲೆ. ಒಂದನ್ನು ಕಳೆದುಕೊಂಡ ಆಕ್ಸಿಜನ್ ಅಯಾನಿನಲ್ಲಿ ಪಿ ಎಲೆಕ್ಟ್ರಾನ್ ಮೂರೇ, ಮೂರು ಸೀಟಿಗೆ ಮೂವರು. ಇಕ್ಕಟ್ಟಿನಲ್ಲಿ ಕೂತಿರುವುದು ಈಗ ಫ್ಲೋರಿನ್ ಅಯಾನಿನ ನಾಲ್ಕನೆಯವನು.

ಕೆಳಮುಖ ಬಾಣ ಸೋಲುವ ಜಾಗಗಳನ್ನೂ ಒಂದೆರಡು ಮಾತಿನಲ್ಲಿ ಹೇಳಿಬಿಡಬೇಕು. ಅಲ್ಯೂಮಿನಿಯಂ 578, ಅದರ ಕೆಳಗಿನ ಗ್ಯಾಲಿಯಂ 579; ನಡುವೆ ತುಂಬಿದ ಹತ್ತು 3ಡಿ ಎಲೆಕ್ಟ್ರಾನುಗಳು ಮರೆಯಾಗುವುದರಲ್ಲಿ ಸೋಮಾರಿಗಳು. ಇಂಡಿಯಂ 558, ಥಾಲಿಯಂ 589. ಇಲ್ಲಿ 4ಎಫ್ ಎಲೆಕ್ಟ್ರಾನುಗಳು ಇನ್ನೂ ಸೋಮಾರಿಗಳು. ಬಂಗಾರದ ನಿಕ್ಷೇಪವಿರುವ ಗದಗಿನ ಕಪ್ಪತಗುಡ್ಡದ ಸೆರಗಿನವರು ಬಂಗಾರದ ಉದಾಹರಣೆ ಹಿಡಿಯಬಹುದು: ಬೆಳ್ಳಿ 731, ಕೆಳಗಿನ ಬಂಗಾರ 890. ಇನ್ನು ಡಿ ಬ್ಲಾಕಿನ ಕಬ್ಬಿಣದಂಥ ಧಾತುಗಳಲ್ಲಿ ತುಂಬುವಾಗ ಮೊದಲು 4ಎಸ್ ತುಂಬಿದರೂ ಕೀಳುವಾಗ ಮೊದಲು ಹೋಗುವುದೂ 4ಎಸ್ಸೇ. ‘ಕೊನೆಗೆ ಬಂದವನು ಮೊದಲು ಹೋಗುತ್ತಾನೆ’ ಎಂಬ ಊಹೆ ಅಲ್ಲಿ ನಡೆಯುವುದಿಲ್ಲ. ಅಯಾನೀಕರಣ ಶಕ್ತಿ ಕಡಿಮೆ ಇದ್ದಷ್ಟೂ ಅಪಕರ್ಷಣ ಶಕ್ತಿ (ಬೇರೆಯದಕ್ಕೆ ಎಲೆಕ್ಟ್ರಾನ್ ಒದಗಿಸುವ ಬಲ) ಹೆಚ್ಚು ಎಂಬುದೂ ನೀರಿನಲ್ಲಿ ನಿಲ್ಲದ ಮಾತು. ಕ್ಷಾರ ಲೋಹಗಳಲ್ಲಿ 520ರ ಲಿಥಿಯಂಗೇ ಈ ಬಲದ ಅಳತೆಯಾದ ಎಲೆಕ್ಟ್ರೋಡ್ ವಿಭವ ಎಲ್ಲಕ್ಕಿಂತ ಹೆಚ್ಚು ಋಣ, ಮೈನಸ್ 3.04 ವೋಲ್ಟ್, ಸೋಡಿಯಂಗೆ ಮೈನಸ್ 2.71. ಪುಟ್ಟ ಲಿಥಿಯಂ ಅಯಾನನ್ನು ನೀರಿನ ಅಣುಗಳು ಸುತ್ತುವರಿದಾಗ ಬಿಡುಗಡೆಯಾಗುವ ಶಕ್ತಿ ಅದರ ಕೊರತೆಯನ್ನು ತುಂಬಿಕೊಡುತ್ತದೆ.

ಈ ಅಂಕಿಗಳನ್ನು ಇಟ್ಟುಕೊಂಡು ಏನು ಮಾಡುವುದು ಎಂದು ಕೇಳುವ ಮಕ್ಕಳಿಗೆ ಎರಡು ಹೆಸರು ಸಾಕು. 1920ರಲ್ಲಿ ನಮ್ಮ ದೇಶದ ಭೌತವಿಜ್ಞಾನಿ ಮೇಘನಾದ ಸಾಹಾ ಅಯಾನೀಕರಣ ಶಕ್ತಿ, ತಾಪ, ಒತ್ತಡ ಮೂರನ್ನೂ ಒಂದೇ ಸಮೀಕರಣದಲ್ಲಿ ಕಟ್ಟಿ, ಸೂರ್ಯನ ಹೊರಪದರಗಳಲ್ಲೊಂದಾದ ವರ್ಣಮಂಡಲದಲ್ಲಿ ಕ್ಯಾಲ್ಸಿಯಂ ಅಯಾನಿನ ಗೆರೆಗಳು ಏಕೆ ಅಷ್ಟು ಢಾಳಾಗಿ ಕಾಣುತ್ತವೆ ಎಂದು ವಿವರಿಸಿದರು. 1962ರಲ್ಲಿ ರಸಾಯನವಿಜ್ಞಾನಿ ನೀಲ್ ಬಾರ್ಟ್ಲೆಟ್ ಆಕ್ಸಿಜನ್ ಅಣುವಿನಿಂದ ಎಲೆಕ್ಟ್ರಾನ್ ಕೀಳಬಲ್ಲ ಪ್ಲಾಟಿನಂ ಹೆಕ್ಸಾಫ್ಲೋರೈಡ್ ಕೈಯಲ್ಲಿಟ್ಟುಕೊಂಡು ಕೋಷ್ಟಕ ನೋಡಿದ. ಆಕ್ಸಿಜನ್ ಅಣುವಿಗೆ 1175, ಜಡ ಎಂದು ಎಲ್ಲರೂ ಕೈಬಿಟ್ಟಿದ್ದ ಝೆನಾನ್‌ಗೆ 1170. ಅದರಿಂದ ಕೀಳುವುದಾದರೆ ಇದರಿಂದೇಕೆ ಆಗದು? ಝೆನಾನಿನ ಮೊದಲ ಸಂಯುಕ್ತ ಹುಟ್ಟಿತು. ಬಾಣದ ಹಾಳೆ ಹಿಡಿದಿದ್ದರೆ ‘ಬಲಗಡೆ ಇದೆ, ಆಗುವುದಿಲ್ಲ’ ಎಂದು ಸುಮ್ಮನಾಗಬೇಕಿತ್ತು.

ಕೊನೆಯದಾಗಿ, ಪ್ರೊಜೆಕ್ಟರ್ ಇಲ್ಲದ ಕಾಲೇಜುಗಳಿಗೆ ಖರ್ಚಿಲ್ಲದ ಒಂದು ಮಾದರಿ. ಗದಗ, ಹಾವೇರಿ ಜಿಲ್ಲೆಗಳಲ್ಲಿ ಜೋಳದ ಕಣಿಕೆಗೆ ಬರವಿಲ್ಲ. 100 ಕಿಲೋಜೂಲ್‌ಗೆ 1 ಸೆಂ.ಮೀ. ಲೆಕ್ಕದಲ್ಲಿ ದಂಟು ಕತ್ತರಿಸಿ ಥರ್ಮೋಕೋಲ್ ಹಲಗೆಯಲ್ಲಿ ಧಾತುವಿನ ಸ್ಥಾನಕ್ಕೆ ಸರಿಯಾಗಿ ನೆಟ್ಟರೆ ಆಯಿತು. ಹೀಲಿಯಂ 23.7, ನಿಯಾನ್ 20.8, ಲಿಥಿಯಂ 5.2, ಪೊಟ್ಯಾಸಿಯಂ 4.2 ಸೆಂ.ಮೀ. ಇಪ್ಪತ್ತು ತುಂಡುಗಳ ಒಟ್ಟು ಉದ್ದ ಸುಮಾರು 2.2 ಮೀಟರ್; ಹಲಗೆಯೊಳಗೆ ಇಳಿಯಲು ಪ್ರತಿ ತುಂಡಿಗೆ 2 ಸೆಂ.ಮೀ. ಹೆಚ್ಚಿಗೆ ಬಿಡಬೇಕಾದ್ದರಿಂದ 2.6 ಮೀಟರ್ ಆಗುತ್ತದೆ. ಆಳೆತ್ತರದ ಎರಡು ದಂಟು ಧಾರಾಳ. ಹಸಿ ದಂಟು ಬೇಡ, ಒಣಗುತ್ತ ಸೊರಗಿ ರಂಧ್ರದಲ್ಲಿ ಸಡಿಲಾಗುತ್ತದೆ. ಬಣವೆಯಲ್ಲಿ ಪೂರ್ತಿ ಒಣಗಿದ್ದನ್ನೇ ತೆಗೆದುಕೊಳ್ಳಿ. ಹಲಗೆಗೆ ಚುಚ್ಚುವ ತುದಿ ಗೆಣ್ಣಿನ ಮೇಲೆ ಬಂದರೆ ಥರ್ಮೋಕೋಲ್ ಒಡೆಯುತ್ತದೆ, ಗೆಣ್ಣು ಮೇಲ್ಭಾಗಕ್ಕೆ ಬರುವಂತೆ ಕತ್ತರಿಸಿ. ಬುಡದಿಂದ 2 ಸೆಂ.ಮೀ.ಗೆ ಪೆನ್ನಿನಿಂದ ಗೆರೆ ಹಾಕಿ, ಗೆರೆ ಹಲಗೆಗೆ ತಾಗುವವರೆಗೆ ಮಾತ್ರ ಒತ್ತಿ. ಒಬ್ಬ ಜೋರಾಗಿ, ಇನ್ನೊಬ್ಬ ಮೆಲ್ಲಗೆ ಒತ್ತಿದರೆ ಬೋರಾನಿನ ತಗ್ಗು ಮಾಯವಾಗಿ ಹೊಸ ತಗ್ಗು ಹುಟ್ಟಿಕೊಳ್ಳುತ್ತದೆ. ಫಾಸ್ಫರಸ್ 10.1, ಸಲ್ಫರ್ 10.0, ಇವೆರಡಕ್ಕೆ ಬ್ಲೇಡನ್ನೇ ಬಳಸಬೇಕು, ಕುಡುಗೋಲು ನಡೆಯುವುದಿಲ್ಲ. ಕತ್ತರಿಸಿದ ಕೂಡಲೇ ಬುಡದಲ್ಲಿ ಹೆಸರು ಬರೆಯಿರಿ. ಒಮ್ಮೆ ಕೆಳಗೆ ಬಿದ್ದು ಕಲೆತರೆ ಇವೆರಡರಲ್ಲಿ ಯಾವುದು ಯಾವುದೆಂದು ಸ್ಕೇಲ್ ಹಿಡಿಯದೆ ಹೇಳಲಾಗದು.

ಪತ್ರಿಕೆಯ ವಿದ್ಯಾರ್ಥಿ ಪುಟದಲ್ಲಿ ಮುಂದಿನ ಸಲ ಈ ಪಾಠ ಬರುವಾಗ ಬಾಣದ ಚಿತ್ರ ಹಿಡಿಯುವ ಜಾಗದಲ್ಲಿ ಮೇಲಿನ 20 ಅಂಕಿಗಳನ್ನೂ ಒಂದು ಖಾಲಿ ಗ್ರಾಫ್ ಚೌಕಟ್ಟನ್ನೂ ಅಚ್ಚು ಹಾಕಬೇಕೆಂದು ವಿನಂತಿ.

ತಮ್ಮ ವಿಶ್ವಾಸಿಗಳು,
ರಸಾಯನಶಾಸ್ತ್ರ ಉಪನ್ಯಾಸಕರ ಬಳಗ,
ಧಾರವಾಡ